ಗುಲಗಂಜಿಯ ಮಗಳ ತೂಕ

ನಮ್ಮ ಬೀದಿಯಲ್ಲಿ ಅವನನ್ನು ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಗುಲಗಂಜಿ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಪುಟ್ಟ ಬೀಜದ ಹೆಸರು ಅದು, ಅವನಿಗೆ ಅದನ್ನು ಅಂಟಿಸಿದವಳು ನಾನು. ಅವನದು ತಕ್ಕಡಿ ರಿಪೇರಿ ಅಂಗಡಿ, ನನ್ನದು ಪಕ್ಕದ ಕನ್ನಡಕದ ಅಂಗಡಿ, ನಡುವೆ ಒಂದು ತೆಳು ಹಲಗೆಯ ಗೋಡೆ. ಒಮ್ಮೆ ನನ್ನಿಂದ ಒಂದು ಲೋಟ ಸಕ್ಕರೆ ಈಸಿಕೊಂಡು ಹೋಗಿದ್ದ. ಹೋಗುವಾಗಲೇ ತೂಗಿಟ್ಟುಕೊಂಡಿದ್ದನಂತೆ. ಮಾರನೆಯ ದಿನ ಅಷ್ಟನ್ನೇ ತೂಗಿ ತಂದುಕೊಟ್ಟು, ನಿಮ್ಮ ಲೋಟದ ತಳದಲ್ಲಿ ಎರಡು ಗ್ರಾಂ ಜಿಡ್ಡು ಕೂತಿದೆ ಅಕ್ಕಾ ಎಂದ. ಆವತ್ತಿನಿಂದ ಗುಲಗಂಜಿ.

ಅಪ್ಪ ಬೇಗ ಹೋಗಿಬಿಟ್ಟಿದ್ದ, ಕೆಲಸ ಕಲಿಸಿದವನು ಸೋದರಮಾವ. ಕಲಿಸಿದ ಎನ್ನುವುದೂ ದೊಡ್ಡ ಮಾತೇ. ಮೊದಲ ಎರಡು ವರ್ಷ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತೂಕದ ಕಲ್ಲುಗಳ ತುಕ್ಕು ಒರೆಸುವುದೇ ಪಾಠ. ಮೂರನೆಯ ವರ್ಷ ಸ್ಪ್ರಿಂಗ್ ಮುಟ್ಟಲು ಬಿಟ್ಟ. ಆಮೇಲೆ ಮಾವನ ಮರದ ಪೆಟ್ಟಿಗೆ ಹೊತ್ತು ಸಂತೆಯಿಂದ ಸಂತೆಗೆ ತಿರುಗಿದ. ಅವನ ಕಸುಬಿನವರನ್ನು ಯಾರೂ ಪ್ರೀತಿಯಿಂದ ಕರೆಯುವುದಿಲ್ಲ. ತಪಾಸಣೆಯವರು ಬರುತ್ತಾರೆಂದು ಸುದ್ದಿ ಹಬ್ಬಿದ ವಾರ ಮಾತ್ರ ಅಂಗಡಿಯವರಿಗೆಲ್ಲ ಅವನು ಒಡಹುಟ್ಟಿದ ತಮ್ಮ. ಉಳಿದ ದಿನ ಕಂಡರೂ ಕಾಣದ ಹಾಗೆ ಹೋಗುತ್ತಾರೆ. ಒಬ್ಬ ಬೇಳೆ ವ್ಯಾಪಾರಿ ಬಂದು ಕಿಲೋಗೆ ಮೂವತ್ತು ಗ್ರಾಂ ನುಂಗುವ ಹಾಗೆ ಮಾಡಿಕೊಡು ಎಂದು ಕಿವಿಯಲ್ಲಿ ಹೇಳಿದ್ದ. ಇವನು ಅದನ್ನು ಬೀದಿಗೆಲ್ಲ ಕೇಳುವ ಹಾಗೆ ಮರುಪ್ರಶ್ನೆ ಕೇಳಿದ. ಆ ವ್ಯಾಪಾರಿ ಇಂದಿಗೂ ನಮ್ಮ ಬೀದಿಗೆ ಬರುವುದಿಲ್ಲ.

ಪ್ರಾಮಾಣಿಕ ಮನುಷ್ಯ, ಒಪ್ಪುತ್ತೇನೆ. ಆದರೆ ಪ್ರಾಮಾಣಿಕರ ಜೊತೆ ಬಾಳುವುದು ಸುಲಭವೆಂದು ಯಾರು ಹೇಳಿದರು? ಹೆಂಡತಿ ಉಪ್ಪು ಹಾಕುವಾಗ ಚಿಟಿಕೆ ಎಂದರೆ ಎಷ್ಟು ಎಂದು ಕೇಳುವವನು. ಕೈಯಲ್ಲಿ ಹಿಡಿದು ಇದು ಅರ್ಧ ಕಿಲೋ ಇರಬಹುದು ಎಂದು ಯಾರಾದರೂ ಅಂದರೆ ಸಾಕು, ಅವನ ಬಾಯಿಂದ ಒಂದೇ ಮಾತು ಬರುತ್ತಿತ್ತು: ಕೈ ಸುಳ್ಳು ಹೇಳತ್ತೆ, ಮುಳ್ಳು ಹೇಳಲ್ಲ. ತಕ್ಕಡಿಯ ಮುಳ್ಳಿನ ಮೇಲೆ ಅವನಿಗಿದ್ದ ನಂಬಿಕೆ ಹೆತ್ತ ತಾಯಿಯ ಮೇಲೂ ಇರಲಿಲ್ಲ.

ಹೆಂಡತಿ ಕಡಿಮೆ ಮಾತಿನವಳು. ಟೈಲರ್‌ಗಳ ಅಂಗಡಿಯಿಂದ ಅಂಗಿಗಳನ್ನು ತಂದು ಮನೆಯಲ್ಲೇ ಕಾಜಾ ಹೊಲಿದು ಗುಂಡಿ ಹಚ್ಚಿಕೊಡುತ್ತಾಳೆ. ಇವನ ಹತ್ತು ಮಾತಿಗೆ ಅವಳದು ಒಂದು, ಅದೂ ದಾರ ಕಚ್ಚಿ ಕತ್ತರಿಸುವ ನಡುವೆ. ಮದುವೆಯಾಗಿ ಏಳು ವರ್ಷದ ಮೇಲೆ ಹುಟ್ಟಿದ ಹೆಣ್ಣುಮಗು ಎರಡು ಕಿಲೋವೂ ಇರಲಿಲ್ಲ. ಅಪ್ಪ ಅದನ್ನು ಚಟಾಕು ಎಂದು ಕರೆದ. ಹಳೆಯ ಅಳತೆಯಲ್ಲಿ ಸೇರಿನ ಹದಿನಾರನೆಯ ಒಂದು ಪಾಲು. ಪ್ರತಿ ತಿಂಗಳ ಒಂದನೇ ತಾರೀಕು ಚಟಾಕನ್ನು ಅಂಗಡಿಗೆ ತಂದು, ಉಳಿದ ತಕ್ಕಡಿಗಳ ಸರಿತಪ್ಪು ನೋಡಲೆಂದು ಅವನು ಇಟ್ಟುಕೊಂಡಿದ್ದ, ಯಾರಿಗೂ ಮುಟ್ಟಗೊಡದ ಮೂಲ ತಕ್ಕಡಿಯಲ್ಲಿ ಕೂರಿಸುತ್ತಿದ್ದರು. ಅದು ಮುಳ್ಳನ್ನು ನೋಡಿ ನಗುತ್ತಿತ್ತು, ಅಪ್ಪ ಮಗುವನ್ನು ನೋಡದೆ ಮುಳ್ಳನ್ನು ನೋಡಿ ನಗುತ್ತಿದ್ದ. ಎರಡು ವರ್ಷ ತುಂಬಿದಾಗ ಹನ್ನೊಂದು ಕಿಲೋ ನಾನ್ನೂರು ಗ್ರಾಂ. ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ.

ಅದಾಗಿ ಎರಡು ವಾರಕ್ಕೆ ಚಟಾಕಿಗೆ ವಾಂತಿ ಭೇದಿ ಹತ್ತಿಕೊಂಡಿತು. ಮೊದಲ ದಿನ ಹಲ್ಲು ಬರುತ್ತಿದೆ ಎಂದರು, ಎರಡನೆಯ ದಿನ ದೃಷ್ಟಿ ತಾಗಿದೆ ಎಂದರು. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ನಾನು ಗಾಜು ಒರೆಸುತ್ತಿದ್ದೆ, ಹಲಗೆಯಾಚೆಯ ಮಾತೆಲ್ಲ ಕೇಳಿಸಿತು.

"ರೀ, ಮಗು ಹಗುರ ಆಗಿದೆ. ದೊಡ್ಡಾಸ್ಪತ್ರೆಗೆ ಹೋಗೋಣ" ಎಂದಳು.

ಅವನಿಗೆ ಆ ದಿನ ಕೆಲಸ ತಲೆಯ ಮೇಲೆ ಬಂದಿತ್ತು. ಮಾರನೆಯ ದಿನ ತಪಾಸಣೆ, ಮಾರ್ಕೆಟ್ಟಿನ ಅರ್ಧ ತಕ್ಕಡಿಗಳು ಅವನ ಮೇಜಿನ ಮೇಲೆ. ಮೂಲ ತಕ್ಕಡಿ ವರ್ಷದ ಮುದ್ರೆಗೆಂದು ಸರ್ಕಾರಿ ಕಚೇರಿಗೆ ಹೋಗಿತ್ತು. ಅವನು ಅವಳ ಕೈಯಿಂದ ಮಗುವನ್ನು ತೆಗೆದುಕೊಂಡು, ಎದುರಿಗಿದ್ದ ತರಕಾರಿಯವಳ ತಕ್ಕಡಿಯ ತಟ್ಟೆಯಲ್ಲಿ ಕೂರಿಸಿದ. ಮುಳ್ಳು ಹನ್ನೊಂದು ಕಿಲೋ ಇನ್ನೂರು ಗ್ರಾಮಿಗೆ ನಿಂತಿತು. ಇನ್ನೂರು ಗ್ರಾಂ ಇಳಿದಿದೆ ಅಷ್ಟೇ, ಒಂದು ಲೋಟ ನೀರಿನ ಲೆಕ್ಕ, ಸಕ್ಕರೆ ಉಪ್ಪಿನ ನೀರು ಕುಡಿಸು, ಸಂಜೆ ನೋಡೋಣ ಎಂದ. ನನ್ನ ಕೈಗೆ ಬರುವ ಭಾರ ನನಗೆ ಗೊತ್ತಾಗಲ್ವಾ ಎಂದು ಅವಳು ಗೊಣಗಿದಳು. ಅವನು ತನ್ನ ಹಳೆಯ ಮಂತ್ರ ಹೇಳಿದ.

ಅವಳು ನನ್ನ ಅಂಗಡಿಯ ಮೆಟ್ಟಿಲಲ್ಲಿ ಒಂದು ನಿಮಿಷ ನಿಂತಳು. ನಾನೇನಾದರೂ ಹೇಳಲಿ ಎಂದು ನಿಂತಿದ್ದಳು, ಈಗ ಗೊತ್ತಾಗುತ್ತದೆ. ತೂಕ ನೋಡಿದಾನಲ್ಲಮ್ಮಾ, ಸುಮ್ಮನೆ ಗಾಬರಿಯಾಗಬೇಡ ಎಂದುಬಿಟ್ಟೆ. ಊರಿಗೆಲ್ಲ ಕಣ್ಣಿನ ನಂಬರು ಹೇಳುವವಳು ನಾನು, ಎದುರಿಗಿದ್ದ ಮಗುವಿನ ಕಣ್ಣು ಒಳಗೆ ಹೋಗಿದ್ದನ್ನು ನೋಡಲಿಲ್ಲ. ಆ ಸಿಟ್ಟು ಇನ್ನೂ ನನ್ನ ಮೇಲೆ ನನಗಿದೆ.

ಹನ್ನೊಂದೂವರೆಯ ಹೊತ್ತಿಗೆ ಹಲಗೆಯಾಚೆ ದೊಡ್ಡ ಸದ್ದಾಯಿತು. ಇಣುಕಿದರೆ ಅವನು ನಿಂತಿದ್ದಾನೆ, ಮುಖದಲ್ಲಿ ರಕ್ತವಿಲ್ಲ. ತರಕಾರಿಯವಳ ತಕ್ಕಡಿಯ ಸರದಿ ಬಂದಿತ್ತು. ತಟ್ಟೆಯಲ್ಲಿ ಹತ್ತು ಕಿಲೋದ ಕಲ್ಲು ಕೂತಿತ್ತು, ಮುಳ್ಳು ಹನ್ನೊಂದನ್ನು ತೋರಿಸುತ್ತಿತ್ತು. ತಕ್ಕಡಿಯ ಸ್ಪ್ರಿಂಗಿಗೂ ವಯಸ್ಸಾಗುತ್ತದೆ ಎಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದ. ದಣಿದ ಸ್ಪ್ರಿಂಗ್ ಬೇಗ ಬಗ್ಗುತ್ತದೆ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ತಟ್ಟೆ ಖಾಲಿಯಿದ್ದಾಗ ಮುಳ್ಳು ಸೊನ್ನೆಯಲ್ಲೇ ಸಾಧುವಾಗಿ ನಿಂತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ರಿಪೇರಿಗೆ ಬಂದ ತಕ್ಕಡಿಯಲ್ಲಿ, ರಿಪೇರಿಗೆ ಮುಂಚೆ, ಮಗಳನ್ನು ತೂಗಿದ್ದ. ಇಡೀ ಊರಿನಲ್ಲಿ ಈ ತಪ್ಪು ಮಾಡಲು ಸಾಧ್ಯವಿದ್ದ ಮನುಷ್ಯ ಅವನೊಬ್ಬನೇ.

"ಹತ್ತು ಕಿಲೋ ಇನ್ನೂರು ಅಕ್ಕಾ" ಎಂದ. "ಒಂದು ಕಿಲೋಗಿಂತ ಜಾಸ್ತಿ ಇಳಿದಿದೆ. ಹನ್ನೊಂದರಲ್ಲಿ ಒಂದು."

ಅಂಗಡಿ ತೆರೆದೇ ಬಿಟ್ಟು ಓಡಿದ. ನಾನೂ ಓಡಿದೆ, ಐವತ್ತೆಂಟರ ಮೊಣಕಾಲು ಎಷ್ಟು ಓಡಗೊಟ್ಟಿತೋ ಅಷ್ಟು.

ಅವರದು ಅಚ್ಚುಕೂಟದ ಮೇಲಿನ ಒಂದೇ ಕೋಣೆ. ಕೆಳಗೆ ಯಂತ್ರ ಓಡುತ್ತಿದ್ದರೆ ನೆಲ ನಡುಗುತ್ತದೆ. ಅವಳು ಹೊಲಿಯದ ಅಂಗಿಗಳ ರಾಶಿಯ ಪಕ್ಕ ಕೂತು, ಚಮಚದಲ್ಲಿ ನೀರು ಮಗುವಿನ ತುಟಿಗೆ ಇಡುತ್ತಿದ್ದಳು. ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಅವನು ಬಾಗಿಲಲ್ಲೇ ನಿಂತು ತಕ್ಕಡಿ ತಪ್ಪಿತ್ತು ಎಂದ. ಅವಳು ಅವನ ಮುಖ ನೋಡಿದಳು. ಆ ನೋಟದ ಬದಲು ಕೆನ್ನೆಗೊಂದು ಬಾರಿಸಿದ್ದರೆ ಅವನಿಗೆ ವಾಸಿಯಿತ್ತು. ಎದ್ದು, ಚೀಲಕ್ಕೆ ಎರಡು ಬಟ್ಟೆ, ಮಗುವಿನ ಆಸ್ಪತ್ರೆಯ ಕಾರ್ಡು ಹಾಕಿಕೊಂಡು ಮೆಟ್ಟಿಲಿಳಿದಳು.

ಆಟೊದವನು ಹಾರ್ನು ಒತ್ತಿ ಹಿಡಿದೇ ಓಡಿಸಿದ, ಪುಣ್ಯಾತ್ಮ. ಆದರೆ ದೊಡ್ಡಾಸ್ಪತ್ರೆಯ ಗೇಟಿನಲ್ಲಿ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಒಂದು ಮಗುವಿನ ಜೊತೆ ಒಬ್ಬರೇ, ಅವರಿಗೂ ಪಾಸು ಬೇಕು ಎಂದ ಕಾವಲುಗಾರ. ಪಾಸು ಎಲ್ಲಿ ಕೊಡುತ್ತಾರೆ ಎಂದರೆ ಒಳಗಿನ ಕೌಂಟರಿನಲ್ಲಿ. ಒಳಗೆ ಹೋಗುವುದು ಹೇಗೆ ಎಂದರೆ ಪಾಸು ತೋರಿಸಿ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ನಾನು ನನ್ನ ದನಿ ಎತ್ತಿದೆ. ಈ ದನಿಗೆ ಹೆದರಿ ನನ್ನ ಗಂಡ ಹತ್ತು ವರ್ಷ ಮುಂಚೆಯೇ ಕಿವುಡನಾದ ಎಂದು ಬೀದಿಯವರು ಆಡಿಕೊಳ್ಳುತ್ತಾರೆ, ಆ ದನಿ. ನಾನು ಮಗುವಿನ ದೊಡ್ಡಮ್ಮ, ಇವಳು ಅಮ್ಮ, ಅವನು ಅಪ್ಪ, ಮೂವರೂ ಹೋಗುತ್ತೇವೆ ಎಂದೆ. ಹಿಂದೆ ನಿಂತಿದ್ದ ಆಂಬುಲೆನ್ಸ್ ಕೂಗಿಕೊಂಡಿತು, ಗೇಟು ತೆರೆಯಲೇಬೇಕಾಯಿತು, ಅದರ ಪಕ್ಕದಲ್ಲೇ ನುಗ್ಗಿದೆವು. ನನ್ನ ದನಿಯಿಂದಲೇ ಗೇಟು ತೆರೆಯಿತು ಎಂದು ಹೇಳಿಕೊಳ್ಳಲು ನನಗಿಷ್ಟ.

ಒಳಗೆ ಉದ್ದನೆಯ ಹಜಾರ. ಗೋಡೆಗುಂಟ ಬೆಂಚುಗಳು, ಬೆಂಚುಗಳ ಮೇಲೆ ತಾಯಂದಿರು, ತಾಯಂದಿರ ಮೇಲೆ ಮಕ್ಕಳು. ಮೊದಲು ಹೆಸರು ಬರೆಸುವ ಕೌಂಟರು. ಅಲ್ಲಿದ್ದವನು ಮಗುವಿನ ಹುಟ್ಟಿದ ತಾರೀಕು ಕೇಳಿದ, ಮನೆ ವಿಳಾಸ ಕೇಳಿದ, ಹಿಂದಿನ ಸಲ ಯಾವಾಗ ಬಂದಿದ್ದಿರಿ ಎಂದ, ಆಮೇಲೆ ಕಂಪ್ಯೂಟರ್ ನಿಂತುಹೋಯಿತು ಎಂದು ಎಲ್ಲವನ್ನೂ ಇನ್ನೊಂದು ಸಲ ಕೇಳಿದ. ಅವನ ತಪ್ಪೇನಿಲ್ಲ. ಆದರೆ ತಪ್ಪಿಲ್ಲದವರ ಮೇಲೆ ಬರುವ ಸಿಟ್ಟೇ ಹೆಚ್ಚು ಸುಡುತ್ತದೆ, ಯಾಕೆಂದರೆ ಅದನ್ನು ಎಲ್ಲೂ ಹಾಕಲಾಗುವುದಿಲ್ಲ.

ಅಲ್ಲಿಂದ ತೂಕದ ಮೇಜು. ಮೇಜಿನ ಹಿಂದೆ ನಡುವಯಸ್ಸಿನ ನರ್ಸ್, ಮುಂದೆ ಮೂರು ಬಣ್ಣದ ಚೀಟಿಗಳ ಕಟ್ಟು. ಕೆಂಪು ಚೀಟಿಗೆ ಬಲಗಡೆಯ ಬಾಗಿಲಿನಿಂದ ನೇರ ಡಾಕ್ಟರ ಹತ್ತಿರ, ಹಳದಿಗೆ ಬೆಂಚು, ಹಸಿರಿಗೆ ನಾಳೆ ಬನ್ನಿ. ನರ್ಸ್ ಒರಟಿಯಲ್ಲ. ಮಗುವನ್ನು ಜೋಪಾನವಾಗಿ ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದಳು, ಮುಳ್ಳು ನೋಡಿದಳು, ಕಾರ್ಡು ನೋಡಿದಳು. ಈ ತಿಂಗಳ ಮೊದಲಲ್ಲಿ ಚುಚ್ಚುಮದ್ದಿಗೆ ಬಂದಾಗ ಅಪ್ಪ ತನ್ನ ಮೂಲ ತಕ್ಕಡಿಯ ಲೆಕ್ಕವನ್ನೇ ಹೇಳಿ ಬರೆಸಿದ್ದು ಹನ್ನೊಂದು ನಾನ್ನೂರು, ಈಗ ಹನ್ನೊಂದು ನೂರು. ಜ್ವರವಿಲ್ಲ. ಮಗು ಅಳುತ್ತಿಲ್ಲ, ಮಲಗಿದೆ.

"ಮುನ್ನೂರು ಗ್ರಾಂ ಅಷ್ಟೇ ಇಳಿದಿರೋದು. ಗಾಬರಿ ಆಗ್ಬೇಡಿ, ಕೂತ್ಕೊಳ್ಳಿ" ಎಂದು ಹಳದಿ ಚೀಟಿ ಹರಿದುಕೊಟ್ಟಳು. ನಂಬರು ನಲವತ್ತೇಳು. ಬಾಗಿಲ ಮೇಲಿನ ದೀಪದಲ್ಲಿ ಹತ್ತೊಂಬತ್ತು ಉರಿಯುತ್ತಿತ್ತು.

ಬೆಳಿಗ್ಗೆ ಅವನು ಹೆಂಡತಿಗೆ ಆಡಿದ್ದ ಮಾತನ್ನೇ ಈಗ ಬಿಳಿ ಸೀರೆ ಉಟ್ಟ ಒಬ್ಬಳು ಅವನಿಗೆ ಆಡಿದಳು. ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ಆ ಹಜಾರದಲ್ಲಿ ಕಿರುಚಿಕೊಳ್ಳುತ್ತಿದ್ದ ಹತ್ತಿಪ್ಪತ್ತು ಮಕ್ಕಳ ಕಡೆ ಎಲ್ಲರೂ ಓಡುತ್ತಿದ್ದರು. ನಮ್ಮದಕ್ಕೆ ಅಳುವ ಶಕ್ತಿಯೂ ಇರಲಿಲ್ಲ, ಹಾಗಾಗಿ ಅದು ಒಳ್ಳೆಯ ಮಗುವಾಗಿ ಹೋಯಿತು.

ಈಗ ಅವನು ಅಲ್ಲೇ ಬಾಯಿಬಿಟ್ಟು ಅತ್ತಿದ್ದರೆ, ಕಾಲಿಗೆ ಬಿದ್ದಿದ್ದರೆ, ಕೂಗಾಡಿದ್ದರೆ ಏನಾದರೂ ಆಗುತ್ತಿತ್ತೇನೋ. ಅವನು ಮಾಡಿದ್ದು ಬೇರೆ. ಬಗ್ಗಿ ತಕ್ಕಡಿಯ ಕುತ್ತಿಗೆಗೆ ಕಿವಿಯಿಟ್ಟ, ತಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ಬಿಟ್ಟ, ಮುಳ್ಳು ಅಲ್ಲಾಡುವುದನ್ನು ನೋಡಿದ.

"ಸಿಸ್ಟರ್, ಈ ಸ್ಪ್ರಿಂಗ್ ಸತ್ತಿದೆ" ಎಂದ.

ಪ್ರತಿ ವರ್ಷ ಬಂದು ಸೀಲು ಹಾಕಿ ಹೋಗ್ತಾರೆ ಎಂದಳು ನರ್ಸ್. ಸೀಲು ಹಾಕುವವರು ಸೊನ್ನೆ ನೋಡ್ತಾರೆ, ಭಾರ ಇಟ್ಟು ನೋಡಲ್ಲ ಎಂದ ಇವನು. ದಿನಕ್ಕೆ ಮುನ್ನೂರು ಮಕ್ಕಳನ್ನು ತೂಗಿದರೆ ಸ್ಪ್ರಿಂಗಿನ ಗತಿ ಏನು ಎಂದು ಶುರುಮಾಡಿ, ತಂತಿಯ ದಪ್ಪ, ಸುತ್ತಿನ ಲೆಕ್ಕ, ಯಾವ ಕಾರ್ಖಾನೆಯ ಸ್ಪ್ರಿಂಗ್ ಎಷ್ಟು ವರ್ಷ ಬಾಳುತ್ತದೆ ಎಂಬಲ್ಲಿಗೆ ಬಂದ. ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬ ಗಂಡಸು ಪಾಠ ಸಾಕು ಮೇಷ್ಟ್ರೇ, ಜಾಗ ಬಿಡಿ ಎಂದ. ನನಗೆ ನರ್ಸಿನ ಮೇಲೂ ಸಿಟ್ಟು, ಇವನ ಮೇಲೂ ಸಿಟ್ಟು. ಅವನು ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮಗು ಸಾಯುತ್ತಿದೆ ಎಂಬ ಒಂದು ಮಾತನ್ನು ಬಿಟ್ಟು ಬೇರೆಲ್ಲ ಹೇಳಿದ.

ಹೆಂಡತಿ ಆಗ ಬೆಂಚಿನ ತುದಿಯಲ್ಲಿ ಕೂತು ಮಗುವಿನ ಬಾಯಿ ಒದ್ದೆ ಮಾಡುತ್ತಿದ್ದಳು. ನಡುವೆ ಒಂದು ಸಲ ಎದ್ದು ಬಂದು ಅವನ ತೋಳು ಮುಟ್ಟಿ, ರೀ, ಕಣ್ಣು ಮೇಲೆ ಹೋಗ್ತಿದೆ ಎಂದಳು. ಒಂದು ನಿಮಿಷ, ತೋರಿಸಿಯೇ ಬಿಡ್ತೀನಿ, ಆಮೇಲೆ ಇವರೇ ಕೆಂಪು ಚೀಟಿ ಕೊಡ್ತಾರೆ ಎಂದ. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂಬ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು. ಬೆಳಿಗ್ಗೆ ತಕ್ಕಡಿ ನಂಬಿ ಕೆಟ್ಟವನು, ಮಧ್ಯಾಹ್ನವೂ ತಕ್ಕಡಿಯ ಮುಂದೆಯೇ ನಿಂತಿದ್ದ.

ಮೇಜಿನ ಪಕ್ಕದ ಗಾಡಿಯಲ್ಲಿ ಒಂದೊಂದು ಲೀಟರಿನ ಸಲೈನ್ ಬಾಟಲಿಗಳ ಪೆಟ್ಟಿಗೆ ಇತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಒಂದು ಲೀಟರಿಗೆ ಒಂದು ಕಿಲೋ, ಬಾಟಲಿಯ ತೂಕ ಚೂರು ಮೇಲೆ. ಒಂಬತ್ತು ಬಾಟಲಿ ಇಟ್ಟರೆ ಒಂಬತ್ತೂಕಾಲು, ಒಂಬತ್ತೂವರೆ ತೋರಿಸಬೇಕು, ಹತ್ತು ದಾಟಿದರೆ ನಾನು ಹೇಳಿದ್ದು ನಿಜ ಎನ್ನುತ್ತಾ ತಟ್ಟೆಯ ಮೇಲೆ ಒಂದೊಂದಾಗಿ ಜೋಡಿಸತೊಡಗಿದ. ಇದು ಆಸ್ಪತ್ರೆನಾ, ದಿನಸಿ ಅಂಗಡಿನಾ ಎಂದು ನರ್ಸ್ ಎದ್ದುನಿಂತಳು. ಆರನೆಯ ಬಾಟಲಿಗೆ ಬಲಗಡೆಯ ಬಾಗಿಲಲ್ಲಿದ್ದ ಕಾವಲುಗಾರನನ್ನು ಕರೆದಳು. ಎಂಟನೆಯದಕ್ಕೆ ಅವನು ಬಂದು ಇವನ ರಟ್ಟೆ ಹಿಡಿದ. ಇವನು ಇನ್ನೊಂದು ಕೈಯಲ್ಲಿ ಒಂಬತ್ತನೆಯದನ್ನು ಇಟ್ಟ. ಇಡೀ ಹಜಾರ ನಮ್ಮ ಕಡೆ ನೋಡುತ್ತಿತ್ತು. ಮುಳ್ಳು ಹತ್ತನ್ನು ದಾಟಿ ಇನ್ನೂ ಎರಡು ಗೀಟು ಮುಂದೆ ನಿಂತಿತು. ನರ್ಸ್ ಬಗ್ಗಿ ಮುಳ್ಳನ್ನೇ ನೋಡಿದಳು.

ನೋಡಿದೆಯಾ ಎಂದು ಅವನು ಹೆಂಡತಿಯ ಕಡೆ ತಿರುಗಿದ. ಬೆಂಚು ಖಾಲಿಯಿತ್ತು.

ಅವಳು ಕೆಂಪು ಚೀಟಿಯವರ ಬಾಗಿಲಿನಿಂದ ಒಳಗೆ ಹೋಗಿಬಿಟ್ಟಿದ್ದಳು. ಚೀಟಿಯಿಲ್ಲ, ಪಾಸಿಲ್ಲ, ಕೇಳಲಿಲ್ಲ, ಹೇಳಲಿಲ್ಲ. ಕಾವಲುಗಾರ ಇವನ ರಟ್ಟೆ ಹಿಡಿಯಲು ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲವಲ್ಲ. ಗಂಡನಿಂದ ಆವತ್ತು ಅವಳಿಗಾದ ಉಪಕಾರ ಅದೊಂದೇ.

ನಾವಿಬ್ಬರೂ ಒಳಗೆ ನುಗ್ಗಿದಾಗ ಅವಳು ಎರಡು ಮಂಚಗಳ ನಡುವೆ, ಒಬ್ಬ ಯುವ ಡಾಕ್ಟರ ದಾರಿಗೆ ಅಡ್ಡವಾಗಿ ನಿಂತಿದ್ದಳು. ಅವರು ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ, ಕೈಯಲ್ಲಿ ಕಚ್ಚಿದ್ದ ಬಿಸ್ಕತ್ತು ಹಾಗೇ ಇತ್ತು. ಬಿಸ್ಕತ್ತನ್ನು ಜೇಬಿಗೆ ಹಾಕಿ, ಮಗುವಿನ ಅಂಗಿ ಎತ್ತಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಮಡಿಕೆಯಾಗಿಯೇ ನಿಂತಿತು. ನಿಧಾನಕ್ಕೆ, ಬಹಳ ನಿಧಾನಕ್ಕೆ ಇಳಿಯಿತು. ಅಷ್ಟೇ ಅವರಿಗೆ ಬೇಕಿದ್ದುದು. ಮೂರು ಜನರನ್ನು ಹೆಸರು ಹಿಡಿದು ಕೂಗಿದರು, ಮಂಚದಲ್ಲಿದ್ದ ಇನ್ನೊಂದು ಮಗುವನ್ನು ಸರಿಸಿ ಜಾಗ ಮಾಡಿದರು. ಆ ಪರೀಕ್ಷೆಗೆ ತಕ್ಕಡಿ ಬೇಕಿರಲಿಲ್ಲ, ಎರಡು ಬೆರಳು ಸಾಕಾಗಿತ್ತು. ಗುಲಗಂಜಿ ಆ ಬೆರಳುಗಳನ್ನೇ ನೋಡುತ್ತಾ ಗೋಡೆಗೆ ಒರಗಿದ.

ಸೂಜಿಗೆ ನರ ಸಿಗಲಿಲ್ಲ. ಬಲಗೈಯಲ್ಲಿ ಹುಡುಕಿದರು, ಎಡಗೈಯಲ್ಲಿ ಹುಡುಕಿದರು, ಮಂಡಿಯ ಹಿಂದೆ ಹುಡುಕಿದರು. ನೀರು ಆರಿದ ಮೈಯಲ್ಲಿ ನರಗಳು ಅಡಗಿ ಕೂತಿದ್ದವು. ಮೂರು ಸಲ ಚುಚ್ಚಿದರೂ ಚಟಾಕು ಕುಂಯ್ ಎನ್ನಲಿಲ್ಲ, ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ನಾಲ್ಕನೆಯ ಸಲ ಪಾದದ ಮೇಲೆ ಸಿಕ್ಕಿತು. ಸಲೈನ್ ಹನಿಯುವ ಬದಲು ಧಾರೆಯಾಗಿ ಇಳಿಯತೊಡಗಿದ ಮೇಲೆ ಡಾಕ್ಟರ್ ತಲೆಯೆತ್ತಿ, ಯಾವಾಗಿಂದ ಹೀಗಿದೆ ಎಂದು ಕೇಳಿದರು. ಮೂರು ದಿನದಿಂದ ಭೇದಿ, ಬೆಳಗ್ಗೆಯಿಂದ ಹೀಗೆ ಎಂದಳು ಅವಳು.

"ಬೆಳಗ್ಗೆನೇ ಯಾಕೆ ಕರ್ಕೊಂಡು ಬರ್ಲಿಲ್ಲಮ್ಮ?"

"ತೂಕ ಸರಿಯಾಗಿದೆ ಅಂದ್ರು."

ಡಾಕ್ಟರ್ ಅರ್ಥ ಮಾಡಿಕೊಂಡಿದ್ದೇ ಬೇರೆ. ಬಾಗಿಲಲ್ಲಿ ನಿಂತಿದ್ದ ನರ್ಸಿನ ಕಡೆ ತಿರುಗಿ, ಬೆಳಗ್ಗೆ ಬಂದ ಮಗುವನ್ನ ಹಳದಿ ಚೀಟಿ ಕೊಟ್ಟು ಇಷ್ಟು ಹೊತ್ತು ಕೂರಿಸಿದ್ದೀರಾ ಎಂದು ಶುರುಮಾಡಿದರು. ಹೆಂಡತಿ ತಿದ್ದಲಿಲ್ಲ. ಗಂಡನನ್ನು ಉಳಿಸಲೆಂದು ಸುಮ್ಮನಿದ್ದಳೋ, ಅವನ ಹೆಸರೆತ್ತಲೂ ಬೇಸರವಾಗಿ ಸುಮ್ಮನಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನೂ ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಊರಿಗೆ ನ್ಯಾಯ ತೂಗುವವರು ಎಷ್ಟೋ ಜನ ಇಂಥ ಹೊತ್ತಿನಲ್ಲಿ ಗಂಟಲು ಕೆಟ್ಟವರಾಗುತ್ತಾರೆ.

"ಅವರಲ್ಲ ಸಾರ್" ಎಂದ. "ಬೆಳಗ್ಗೆ ತೂಗಿದ್ದು ನಾನು. ನನ್ನ ಅಂಗಡೀಲಿ. ಇವಳು ಹೇಳಿದ್ಲು, ನಾನು ಕೇಳ್ಲಿಲ್ಲ."

ಡಾಕ್ಟರ್ ಅವನನ್ನು ಒಂದು ಕ್ಷಣ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಸಲೈನಿನ ವೇಗ ಬದಲಿಸಿ, ಇನ್ನು ನೋಡಬೇಕಾದ್ದು ಒಂದೇ ಎಂದರು. ಮಗು ಉಚ್ಚೆ ಹೊಯ್ಯಬೇಕು. ಹೊಯ್ದರೆ ಒಳಗಿನ ಯಂತ್ರಗಳು ನಡೆಯುತ್ತಿವೆ ಎಂದರ್ಥ, ಹೊಯ್ಯದಿದ್ದರೆ ಮೂತ್ರಪಿಂಡ ಕೈಕೊಟ್ಟಿದೆಯೆಂದು ಹೆದರಬೇಕು. ಹೊಯ್ದ ತಕ್ಷಣ ಕರೀರಿ, ಅಲ್ಲಿವರೆಗೂ ನನ್ನ ಏನೂ ಕೇಳಬೇಡಿ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಆಗ ಒಂದೂವರೆ ಗಂಟೆ.

ಮಂಚ ಒಂದು, ಮಕ್ಕಳು ಇಬ್ಬರು. ನಮ್ಮದರ ಅರ್ಧ ಮೈ ಮಂಚದ ಮೇಲಿತ್ತು, ಇನ್ನರ್ಧ ಸ್ಟೂಲಿನ ಮೇಲೆ ಕೂತ ಅಪ್ಪನ ತೊಡೆಯ ಮೇಲೆ. ಸೂಜಿಯಿದ್ದ ಕಾಲು ಅಲುಗಾಡದಂತೆ ಅವನು ಅಂಗೈಯಲ್ಲಿ ಹಿಡಿದಿದ್ದ. ಅವಳು ತಲೆಯ ಕಡೆ ನೆಲದಲ್ಲಿ ಕೂತಿದ್ದಳು. ಎರಡು ಗಂಟೆಗೆ ಅವನು ಮಗುವಿನ ಬಟ್ಟೆ ಮುಟ್ಟಿ ನೋಡಿದ. ಒಣಗಿತ್ತು. ಎರಡೂ ಹತ್ತಕ್ಕೆ ಮತ್ತೆ ಮುಟ್ಟಿದ. ಹನಿಗಳನ್ನು ಎಣಿಸಿ, ನಿಮಿಷಕ್ಕೆ ಇಷ್ಟೇ ಬೀಳುತ್ತಿದೆ ಎಂದು ನನಗೆ ಹೇಳತೊಡಗಿದ. ಬಾಯಿ ಮುಚ್ಚಿಕೊಂಡು ಕೂರಪ್ಪಾ ಎಂದೆ. ಮೂರು ಗಂಟೆಗೆ ಆಯಾ ಬಂದು, ಹಾಗೆ ಘಳಿಗೆಗೊಂದು ಸಲ ತಡಕಿದರೆ ಸೂಜಿ ಕಿತ್ತುಬರುತ್ತೆ ಎಂದು ಗದರಿಸಿ ಹೋದಳು.

ಮೂರೂವರೆಗೆ ಚಟಾಕು ಕಣ್ಣು ಬಿಟ್ಟಿತು. ಬಿಟ್ಟು, ಯಾರನ್ನೂ ನೋಡದೆ ಮತ್ತೆ ಮುಚ್ಚಿತು. ಅಳಲು ಬಾಯಿ ತೆರೆಯಿತು, ದನಿ ಬರಲಿಲ್ಲ, ಕಣ್ಣೀರೂ ಬರಲಿಲ್ಲ. ಪಕ್ಕದ ಮಂಚದ ಮಗುವನ್ನು ಯಾರೋ ಎತ್ತಿಕೊಂಡು ಬೇರೆ ವಾರ್ಡಿಗೆ ಓಡಿದರು, ಅದರ ತಾಯಿ ಒಂದು ಚಪ್ಪಲಿ ಇಲ್ಲೇ ಬಿಟ್ಟು ಹೋದಳು. ನಾಲ್ಕಕ್ಕೆ ಡಾಕ್ಟರ್ ದೂರದಿಂದಲೇ ಹುಬ್ಬೆತ್ತಿ ಕೇಳಿದರು, ಅವಳು ತಲೆಯಾಡಿಸಿದಳು, ಇಲ್ಲವೆಂದು. ಅವರು ಬಂದು ಚೀಟಿಯಲ್ಲಿ ಏನೋ ಬರೆದು, ಇನ್ನೊಂದು ಗಂಟೆ ಕಾಯೋಣ ಎಂದರು. ಒಂದು ಗಂಟೆಯ ಮೇಲೆ ಏನು ಎಂದು ನಾವು ಯಾರೂ ಕೇಳಲಿಲ್ಲ.

ಆಗ ಅವನು ಈ ವಾರ್ಡಿಗೆ ಬಂದ ಮೇಲೆ ಮೊದಲ ಸಲ ಅವಳನ್ನು ನೇರವಾಗಿ ಮಾತಾಡಿಸಿದ.

"ಸ್ವಲ್ಪ ಎತ್ತಿ ನೋಡ್ತೀಯಾ" ಎಂದ. "ಭಾರ ಬಂದಿದೆಯಾ ಹೇಳು. ನಂಗೆ ಗೊತ್ತಾಗ್ತಿಲ್ಲ."

ನಾನು ಅವನ ಬಾಯಿಂದ ಆ ಮಾತು ಕೇಳುತ್ತೇನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವನು ಕಾದ. ಆಮೇಲೆ ಅವಳು ಎದ್ದು, ಎರಡೂ ಅಂಗೈಗಳನ್ನು ಮಗುವಿನ ಬೆನ್ನಡಿಗೆ ತೂರಿಸಿ, ಒಂದು ಬೆರಳಿನಷ್ಟು ಎತ್ತಿ, ಕಣ್ಣು ಮುಚ್ಚಿ ನಿಂತಳು. ಮತ್ತೆ ಮೆಲ್ಲಗೆ ಇಳಿಸಿದಳು. ಸ್ವಲ್ಪ ಬಂದಿದೆ ಎಂದಳು. ಅಷ್ಟು ಹೇಳಿ ಮತ್ತೆ ನೆಲದಲ್ಲಿ ಕೂತಳು. ಅವನು ಎಷ್ಟು ಎಂದು ಕೇಳಲಿಲ್ಲ.

ನಾಲ್ಕೂ ಮುಕ್ಕಾಲಿರಬೇಕು. ನಾನು ಕುಡಿಯುವ ನೀರು ತಂದು ಬಾಟಲಿ ಅವನ ಕೈಗೆ ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಸೆಟೆದು ಕೂತಿದ್ದ. ಬಾಯಿ ಅರ್ಧ ತೆರೆದಿತ್ತು, ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಏನಾಯಿತೋ ಎಂದೆ. ಅವಳು ತಲೆಯೆತ್ತಿ ಅವನ ಮುಖ ನೋಡಿದಳು, ನೋಡಿದವಳೇ ಮಗಳು ಹೋದಳೆಂದು ತಿಳಿದುಕೊಂಡಳು. ಇಡೀ ದಿನ ದನಿಯೆತ್ತದವಳು, ಆ ವಾರ್ಡಿನ ಎಲ್ಲ ಮಂಚಗಳೂ ತಿರುಗಿ ನೋಡುವ ಹಾಗೆ ಒಂದೇ ಸಲ ಕೂಗಿದಳು.

ಅವನಿಗೆ ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ಒಂದು ಕೈಯಲ್ಲಿ ಮಗುವಿನ ಕಾಲು ಹಿಡಿದವನು, ಇನ್ನೊಂದು ಕೈಯಲ್ಲಿ ಅವಳ ಕೈಯನ್ನು ಎಳೆದು ತಂದು ತನ್ನ ತೊಡೆಯ ಮೇಲೆ ಒತ್ತಿದ. ಪ್ಯಾಂಟು ಮೊಣಕಾಲಿನವರೆಗೂ ಬೆಚ್ಚಗೆ ತೊಯ್ದಿತ್ತು, ನೆಲಕ್ಕೆ ಹನಿ ಬೀಳುತ್ತಿತ್ತು. ಅವಳು ಆ ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಅವನ ಮೊಣಕಾಲಿಗೆ ಹಣೆಯಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು. ನಾನು ಡಾಕ್ಟರನ್ನು ಕರೆಯಲು ಓಡಿದೆ.